ಸ್ವಂತ ವಕೀಲರೋ, ಉಚಿತ ವಕೀಲರೋ?

ತಮ್ಮನನ್ನು ಪೊಲೀಸರು ಹಿಡಿದಿದ್ದಾರೆ, ಹುಬ್ಬಳ್ಳಿಯಲ್ಲೇ ವಕೀಲರನ್ನು ಗೊತ್ತು ಮಾಡೋಣವೇ ಅಥವಾ ಉಚಿತ ಕಾನೂನು ನೆರವು ಸಾಕೇ ಎಂದು ಕೇಳಿದ್ದೀರಿ. ಎರಡಕ್ಕೂ ಸಂವಿಧಾನದ ಬಲವಿದೆ. ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು 22ನೇ ವಿಧಿಯದ್ದು, ಉಚಿತ ನೆರವಿನ ಮಾತು 39ಎ ವಿಧಿಯದ್ದು.

ಮೊದಲು ದುಡ್ಡಿನ ಮಾತು. ಸ್ವಂತ ವಕೀಲರಾದರೆ ಫೀಸಿನ ಜೊತೆ ಟೈಪಿಂಗ್, ಜೆರಾಕ್ಸ್, ನಕಲು ಪ್ರತಿ ಎಂದು ಖರ್ಚು ಬೆಳೆಯುತ್ತದೆ. ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಬಿಡಿ, ಸಂಕೋಚ ಬೇಡ. ಉಚಿತ ನೆರವು ಕಡುಬಡವರಿಗೆ ಮಾತ್ರ ಎಂದು ಜಾಸ್ತಿ ಜನ ತಿಳಿದಿದ್ದಾರೆ. ಹಾಗಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಕಸ್ಟಡಿಯಲ್ಲಿರುವವರು, ಮಹಿಳೆಯರು, ಎಸ್‌ಸಿ, ಎಸ್‌ಟಿಯವರಿಗೆ ಆದಾಯದ ಮಿತಿಯೇ ಇಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ.

ಆಯ್ಕೆಯಲ್ಲಿ ಮಾತ್ರ ಸ್ವಂತ ವಕೀಲರದ್ದೇ ಮೇಲುಗೈ. ಅಂಥದ್ದೇ ಕೇಸು ನಡೆಸಿದವರನ್ನು ಹುಡುಕಬಹುದು. ಉಚಿತ ನೆರವಿನಲ್ಲಾದರೆ, ತಮ್ಮ ಪಟ್ಟಿಯಲ್ಲಿರುವ ವಕೀಲರೊಬ್ಬರನ್ನು ಪ್ರಾಧಿಕಾರದವರೇ ನೇಮಿಸುತ್ತಾರೆ.

ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಷ್ಟರಲ್ಲಿ ಯಾರೂ ಸಿಗದಿದ್ದರೆ ಉಚಿತ ವಕೀಲರನ್ನೇ ಕೇಳಿ, ಆಮೇಲೆ ಬದಲಾಯಿಸಬಹುದು. ಜಾಮೀನು ಸಿಗುವ ಸಣ್ಣ ಕೇಸಿಗೆ ಅವರೇ ಸಾಕು, ಅಲ್ವಾ? ರಾಶಿ ಕಾಗದಪತ್ರದ ಹಣಕಾಸಿನ ಕೇಸಾಗಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಸ್ವಂತ ವಕೀಲರು ಒಳ್ಳೆಯದು. ಹೊಲ ಅಡವಿಟ್ಟು ಫೀಸು ಕಟ್ಟುವ ಅವಸರ ಮಾತ್ರ ಬೇಡ.