ಬಾದಾಮಿಯಿಂದ ಬೆಂಗಳೂರಿಗೆ: ಗೋಲಗುಂಬಜ್ ಎಕ್ಸ್‌ಪ್ರೆಸ್ ಹೇಗಿದೆ?

ಬಾದಾಮಿ ಮಂದಿಗೆ ಬೆಂಗಳೂರಿನ ಗಾಡಿ ಅಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್. ಪಂಢರಪುರದಿಂದ ಹೊರಟು, ಸೊಲ್ಲಾಪುರ, ವಿಜಯಪುರ, ಬಾಗಲಕೋಟೆ ದಾಟಿ ರಾತ್ರಿ ನಮ್ಮೂರಿಗೆ ಬರುತ್ತದೆ. ಮಲಗಿ ಎದ್ದರೆ ಬೆಂಗಳೂರು. ನಾನು ಗುಳೇದಗುಡ್ಡದ ಖಣದಲ್ಲಿ ಜಂಪರ್ ಹೊಲಿದು ಚಿಕ್ಕಪೇಟೆಯ ಒಂದು ಅಂಗಡಿಗೆ ಕೊಡುತ್ತೇನೆ. ಆ ಗಂಟು ತಗೊಂಡು ಹೋಗುವುದು ಇದೇ ಗಾಡಿಯಲ್ಲಿ. ಈ ಸಲ ಸೋದರತ್ತೆಯೂ ಜೊತೆಗೆ ಬಂದಿದ್ದರು. ಅವರಿಗೆ ಮಂಡಿ ನೋವು. ಬಸ್ಸಿಗೆ ಹೋಗೋಣವಾ ಅಂದರೆ, "ಬಸ್ಸಿನ್ಯಾಗ ರಾತ್ರಿಪೂರ್ತಿ ಕಾಲು ಇಳಿಬಿಟ್ಟು ಕುಂತ್ರ ಬಾವು ಬರ್ತಾವ ಎವ್ವಾ, ನನಗ ರೈಲ ಇರಲಿ" ಅಂದರು. ಕಾಲು ಚಾಚಿ ಮಲಗುವ ಸುಖ ಮಂಡಿ ನೋವಿದ್ದವರಿಗೇ ಗೊತ್ತು.

ಈ ಗಾಡಿಯ ದೊಡ್ಡ ಗುಣ ಅದರ ಹೊತ್ತು. ಬೆಂಗಳೂರಿನ ನೆಂಟರು ಬಾದಾಮಿ ನೋಡಲು ಬಂದಾಗ ನಾನು ತಪ್ಪದೆ ಹೇಳುತ್ತೇನೆ: ಹಗಲು ಗಾಡಿ ಹಿಡಿದು ಓಡಬೇಡಿ, ರಾತ್ರಿ ಗಾಡಿಗೆ ಹೋಗಿ, ಕೊನೇ ದಿನ ಪೂರ್ತಿ ನಿಮ್ಮದೇ ಆಗುತ್ತದೆ. ಬೆಳಿಗ್ಗೆ ಪಟ್ಟದಕಲ್ಲಿಗೆ ಹೋಗಿ ಬನ್ನಿ, ಸುಮಾರು 22 ಕಿಲೋಮೀಟರ್. ಲೋಕಮಹಾದೇವಿ ರಾಣಿ ಕಟ್ಟಿಸಿದ ವಿರೂಪಾಕ್ಷ ಗುಡಿಗೆ ಒಂದು ಗಂಟೆಯಾದರೂ ಕೊಡಿ. ಅವಳ ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿಸಿದ್ದು ಅದು. ಬಿಸಿಲು ಇಳಿದ ಮೇಲೆ ಬಾದಾಮಿ ಗುಹೆ ಹತ್ತಿ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನ ಇದೆ. ಮೊದಲನೇ ಗುಹೆಯ ಹದಿನೆಂಟು ಕೈಯ ನಟರಾಜನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ಸ್ವಲ್ಪ ನಿಲ್ಲಿ. ಬಲಗಡೆಯ ಒಂದು ಕೈ, ಎಡಗಡೆಯ ಒಂದು ಕೈ ಜೋಡಿ ಮಾಡಿ ನೋಡುತ್ತಾ ಹೋದರೆ ಒಂದೊಂದು ಜೋಡಿಯೂ ಒಂದೊಂದು ನೃತ್ಯದ ಭಂಗಿ. ಸಂಜೆ ಅಗಸ್ತ್ಯ ತೀರ್ಥದ ದಂಡೆಗುಂಟ ನಡೆದು ಭೂತನಾಥ ಗುಡಿಯ ಕಟ್ಟೆ ಮೇಲೆ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಇಷ್ಟೆಲ್ಲ ಆದಮೇಲೂ ಗಾಡಿಗೆ ಟೈಮ್ ಇರುತ್ತದೆ. ಆ ರಾತ್ರಿಯ ರೂಮ್ ಬಾಡಿಗೆಯೂ ಉಳಿಯುತ್ತದೆ.

ನನಗೆ ಬೇಜಾರಿರುವುದು ಗಾಡಿ ಬಗ್ಗೆ ಅಲ್ಲ, ಊರಿಗೂ ಸ್ಟೇಷನ್‌ಗೂ ಇರುವ ದೂರದ ಬಗ್ಗೆ. ಸುಮಾರು 5 ಕಿಲೋಮೀಟರ್ ಆಗುತ್ತದೆ. ಹಗಲು ಹೇಗೋ ನಡೆಯುತ್ತದೆ. ಕತ್ತಲಾದ ಮೇಲೆ ಆಟೋದವರು ಹೇಳಿದ್ದೇ ರೇಟು. ಈ ಸಲವೂ ಒಬ್ಬರು ನಮ್ಮ ಗಂಟು ನೋಡಿ, ಅತ್ತೆಯ ಕಾಲು ನೋಡಿ, ದುಪ್ಪಟ್ಟು ಕೇಳಿದರು. ವಯಸ್ಸಾದವರ ಕಷ್ಟ ನೋಡಿ ರೇಟು ಏರಿಸುವುದು ನನಗೆ ಸರಿ ಕಾಣುವುದಿಲ್ಲ. ಹೊರಗಿನಿಂದ ಬಂದವರು ಪಟ್ಟದಕಲ್ಲಿಗೆ ಹೋದ ಆಟೋದವರ ಹತ್ತಿರವೇ ಸ್ಟೇಷನ್ನಿಗೂ ಮಾತಾಡಿ ಮುಗಿಸಿಬಿಡಿ. ರಾತ್ರಿ ಗಾಡಿ ಹೊತ್ತಿಗೆ ಸರಿಯಾಗಿ ಸ್ಟೇಷನ್‌ಗೆ ಒಂದು ಬಸ್ಸು ಬಿಟ್ಟರೆ ಎಷ್ಟು ಜನರಿಗೆ ಅನುಕೂಲ ಆಗುತ್ತದೆ, ಅಲ್ವಾ?

ಊಟ ಕಟ್ಟಿಕೊಂಡೇ ಹತ್ತಿ. ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಪಲ್ಯ, ಚಟ್ನಿಪುಡಿ, ಮೊಸರು ಎಲ್ಲ ಸಿಗುತ್ತದೆ. ಅಲ್ಲೇ ಕೂತು ತಿನ್ನುವಾಗ ರಾತ್ರಿಗೂ ಕಟ್ಟಿಸಿಕೊಳ್ಳಿ. ಮೊಸರು ಮಾತ್ರ ಅಲ್ಲೇ ಉಂಡು ಬನ್ನಿ, ಗಾಡಿಯಲ್ಲಿ ಚೆಲ್ಲುತ್ತದೆ.

ಬಾದಾಮಿಯಲ್ಲಿ ಗಾಡಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನಿಮ್ಮ ಡಬ್ಬಿ ಎಲ್ಲಿ ಬರುತ್ತದೆ ಎಂದು ಮೊದಲೇ ಕೇಳಿಕೊಂಡು ಅಲ್ಲೇ ನಿಂತಿರಿ. ನಾವು ಹೋಗಿದ್ದು ಸ್ಲೀಪರ್‌ನಲ್ಲಿ. ಅತ್ತೆಗೆ ಕೆಳಗಿನ ಬರ್ತ್ ಸಿಕ್ಕಿತ್ತು. ಹಿರಿಯರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಇದ್ದರೆ ಅದನ್ನೇ ಕೊಡುತ್ತಾರೆ, ಅದು ಒಳ್ಳೇ ವ್ಯವಸ್ಥೆ. ನಡುವಿನ ಬರ್ತ್ ಎತ್ತುವುದು ರಾತ್ರಿ 10ಕ್ಕೆ. ಅಷ್ಟರೊಳಗೆ ಎದುರುಬದುರು ಕೂತು ಆರಾಮಾಗಿ ಉಣ್ಣಬಹುದು. ಖಣದ ಗಂಟು ಅತ್ತೆಯ ಬರ್ತ್ ಕೆಳಗೆ ತಳ್ಳಿ, ಗಂಟಿನ ಕಿವಿಯನ್ನು ಅವರ ಚೀಲದ ಬಾರಿಗೆ ಕಟ್ಟಿದೆ. ಆಮೇಲೆ ನಿಶ್ಚಿಂತೆ. ಸ್ಲೀಪರ್‌ನಲ್ಲಿ ಹೊದಿಕೆ ಕೊಡುವುದಿಲ್ಲ, ಚಳಿಗಾಲ ಆದರೆ ಮನೆಯಿಂದ ಒಂದು ಕೌದಿ ತನ್ನಿ. ಥ್ರೀ ಟಯರ್ ಎಸಿಯಲ್ಲಿ ಎಲ್ಲ ಕೊಡುತ್ತಾರೆ. ಆದರೆ ಕಿಟಕಿ ಗಾಳಿ ಬೇಕೆನ್ನುವ ನಮ್ಮಂಥವರಿಗೆ ಸ್ಲೀಪರೇ ಸರಿ.

ಈ ದಾರಿ ಮೀಟರ್ ಗೇಜ್ ಇದ್ದ ಕಾಲವನ್ನು ಅತ್ತೆ ಕಂಡವರು. ಆಗಿನ ಡಬ್ಬಿ ಎಷ್ಟು ಇಕ್ಕಟ್ಟಿತ್ತು ಎಂದು ಗದಗಿನವರೆಗೂ ಹೇಳಿದರು. ಹುಬ್ಬಳ್ಳಿಯಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಹಚ್ಚುತ್ತಾರೆ, ಹಾಗಾಗಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಲ್ಲಿಂದ ಗಾಡಿ ಹಿಂದೆ ಹೊರಟಂತೆ ಅನಿಸಿದರೆ ಗಾಬರಿ ಆಗಬೇಡಿ. ಅಲ್ಲಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ನಮ್ಮ ಕಡೆಯ ಊರಿಗೆ ಆ ಹೆಸರು ಬಂದದ್ದು ನನಗೆ ಹೆಮ್ಮೆ.

ತುಮಕೂರು ಬರುವ ಹೊತ್ತಿಗೆ ಎದ್ದು ಮುಖ ತೊಳೆದು ತಯಾರಾಗಿ. ಈ ಗಾಡಿ ಬೆಂಗಳೂರಿಗೆ ಮುಗಿಯುವುದಿಲ್ಲ, ಮೈಸೂರಿಗೆ ಹೋಗುತ್ತದೆ. ಮಲಗೇ ಇದ್ದರೆ ಯಾರೂ ಎಬ್ಬಿಸುವುದಿಲ್ಲ. ಬೆಂಗಳೂರು ಸ್ಟೇಷನ್‌ಗೆ ಸಂಗೊಳ್ಳಿ ರಾಯಣ್ಣನ ಹೆಸರು. ಫಲಕ ಕಂಡಾಗಲೆಲ್ಲ ಅತ್ತೆ ಕೈ ಮುಗಿಯುತ್ತಾರೆ, ಅವರ ತವರು ಬೈಲಹೊಂಗಲ. ಅಲ್ಲಿಂದ ಮೆಜೆಸ್ಟಿಕ್ ಮೆಟ್ರೋ ಹಿಡಿದರೆ ಹಸಿರು ಲೈನಿನಲ್ಲಿ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಲಿಫ್ಟ್ ಇದೆ, ಮಂಡಿಗೆ ತ್ರಾಸಿಲ್ಲ.

ಬಾಗಲಕೋಟೆಯಿಂದ ಹೊರಡುವವರು ಬಸವ ಎಕ್ಸ್‌ಪ್ರೆಸ್ ನೋಡಿ ಅದೂ ಬೆಂಗಳೂರಿಗೇ ಹೋಗುತ್ತದಲ್ಲ ಎಂದು ಹತ್ತಬೇಡಿ. ಹೋಗುತ್ತದೆ, ಆದರೆ ಸೊಲ್ಲಾಪುರ, ಕಲಬುರಗಿ, ಗುಂತಕಲ್ ಸುತ್ತಿ. ಗೋಲಗುಂಬಜ್ ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಹೊತ್ತಿಗೆ ಬರುವವರು ತೆರೆದ ದಿನವೇ ಹೋಗಿ ಬರುವ ಎರಡೂ ಟಿಕೆಟ್ ಮಾಡಿಸಿ.