ಅಂತರಗಂಗೆಯ ಬಂಡೆ ಹತ್ತುವ ಕ್ಲಾಸು: ಹಗ್ಗಕ್ಕೆ ಪೂರ್ತಿ ಮಾರ್ಕು, ಮಾತಿಗೆ ಅರ್ಧ

ಎರಡು ವರ್ಷದ ಮೇಲೆ ಮತ್ತೆ ಹಗ್ಗ ಹಿಡಿದೆ. ಕೋಲಾರದ ಅಂತರಗಂಗೆಯಲ್ಲಿ ಭಾನುವಾರ ಬಂಡೆ ಹತ್ತಿಸುವ ಒಂದು ತಂಡ, ಹೆಸರು ಬೇಡ. ತಲೆಗೆ 1,200 ರೂಪಾಯಿ. ಬೆಳಗ್ಗೆ 6ಕ್ಕೆ ದೇವಸ್ಥಾನದ ಮೆಟ್ಟಿಲ ಹತ್ತಿರ ಸೇರಬೇಕು. ತಿಂಡಿಗೆ ತಣ್ಣಗಿನ ಚಿತ್ರಾನ್ನ. ಅರ್ಧ ಕೋತಿಗಳ ಪಾಲಾಯಿತು, ಬೇಜಾರೇನಿಲ್ಲ.

ಸಾಮಾನು ಚೆನ್ನಾಗಿದೆ. ಹಗ್ಗ ಹೊಸದು, ಹೆಲ್ಮೆಟ್ ಅಲ್ಲಾಡಲ್ಲ. ಒಬ್ಬರ ಗಂಟನ್ನು ಇನ್ನೊಬ್ಬರು ನೋಡದೆ ಹತ್ತಲು ಬಿಡಲ್ಲ. ನಾನಂತೂ ಸೊಂಟದ ಪಟ್ಟಿಗೆ ಹಗ್ಗ ಕಟ್ಟುವ ನನ್ನ ಫಿಗರ್ ಎಯ್ಟ್ (8ರ ಆಕಾರದ) ಗಂಟನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಐದನೇ ಸಲ ಬೆರಳು ನಡುಗಿತು.

ಎಂಟು ವರ್ಷ ನನ್ನ ಜೊತೆ ಹತ್ತಿದ ಗೆಳೆಯ ಬಂಡೆಯಿಂದ ಬಿದ್ದು ತೀರಿಕೊಂಡ. ಅವತ್ತು ನಾನು ಹೋಗಿರಲಿಲ್ಲ, ಬಂಗಾರಪೇಟೆಯ ನನ್ನ ಮೊಬೈಲ್ ಅಂಗಡಿಗೆ ಸ್ಟಾಕ್ ಬರೋದಿತ್ತು. ಹೋಗಿದ್ದರೆ ಹಗ್ಗ ನನ್ನ ಕೈಯಲ್ಲಿರುತ್ತಿತ್ತು, ಅಲ್ವಾ?

ತಂಡದ ಮೇಲೆ ನನ್ನ ತಕರಾರು ಒಂದೇ. ಶುರುವಿನಲ್ಲಿ ಹಿರಿಯ ತರಬೇತುದಾರರು ಯಾರದೋ ಸಾವಿನ ಕಥೆ ಹೇಳಿ, "ಅವನದೇ ತಪ್ಪು" ಅಂದರು. ಎಲ್ಲರೂ ತಲೆಯಾಡಿಸಿದರು. ತಪ್ಪು ಸತ್ತವನದು ಅಂದರೆ ಉಳಿದವರಿಗೆ ಧೈರ್ಯ. ಆರು ತಿಂಗಳು ನಾನೂ ಹಾಗೇ ಹೇಳಿಕೊಂಡು ಓಡಾಡಿದವನೇ.

1999ರ ಅಕ್ಟೋಬರ್ 5ರಂದು ಟಿಬೆಟ್‌ನ ಶಿಶಾಪಂಗ್ಮಾ ಪರ್ವತದಲ್ಲಿ ಹಿಮ ಕುಸಿಯಿತು. ಅಮೆರಿಕದ ಪರ್ವತಾರೋಹಿ ಕಾನ್ರಾಡ್ ಆಂಕರ್ ಒಂದು ಕಡೆ ಓಡಿದರು, ಜೊತೆಗಿದ್ದ ಅಲೆಕ್ಸ್ ಲೋವ್, ಡೇವಿಡ್ ಬ್ರಿಡ್ಜಸ್ ಇನ್ನೊಂದು ಕಡೆ. ಆಂಕರ್ ಒಬ್ಬರೇ ಉಳಿದರು. ಉಳಿದೆನಲ್ಲ ಅನ್ನುವ ಕೊರಗಿನ ಬಗ್ಗೆ ಅವರು ಬಾಯಿಬಿಟ್ಟು ಮಾತಾಡಿದ್ದಾರೆ. ಅಲ್ಲಿ ಯಾರ ಗಂಟು ತಪ್ಪಿತ್ತು?

ಜೊತೆಗೊಂದು ಸಲಹೆ. ಫಾರಂನಲ್ಲಿ ರಕ್ತದ ಗುಂಪು, ಬಿಪಿ, ಉಬ್ಬಸ ಎಲ್ಲ ಕೇಳ್ತಾರೆ. ಕೆಳಗೆ ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಹಾಕಬಹುದು. ನಿದ್ದೆ ಬಾರದ ಒಂದು ರಾತ್ರಿ ನಾನು ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ.

ನನ್ನ ಬೆರಳು ನೋಡಿದ್ದು ಅಲ್ಲಿನ ಚಿಕ್ಕ ತರಬೇತುದಾರ ಹುಡುಗಿ. ಯಾಕೆ ಅಂತ ಕೇಳಲಿಲ್ಲ. "ಅಣ್ಣಾ, ಇವತ್ತು ನೀವು ಹತ್ತೋದು ಬೇಡ. ನನ್ನ ಹಗ್ಗ ಹಿಡ್ಕೊಳಿ" ಅಂದಳು. ಹಗ್ಗದ ತುದಿಗೆ ಇನ್ನೊಬ್ಬ ಹುಡುಗನನ್ನೂ ನಿಲ್ಲಿಸಿದಳು, ಅದೂ ಸರಿಯೇ. ಮೂವತ್ತಡಿ ಹತ್ತಿ, "ಬಿಗಿ ಮಾಡಿ" ಅಂತ ಕೂಗಿ, ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲಿದಳು. ಅವಳ ಭಾರ ನನ್ನ ಸೊಂಟಕ್ಕೆ ಜಗ್ಗಿತು. ಹಗ್ಗ ನಿಂತಿತು. ಮೇಲಿಂದ ಸುಮ್ನೆ ಕಾಲಾಡಿಸುತ್ತಾ ಕೋತಿಗಳನ್ನು ಬೈಯುತ್ತಿದ್ದಳು.

5ಕ್ಕೆ 3.5. ಮುಂದಿನ ಭಾನುವಾರಕ್ಕೂ ಹೆಸರು ಬರೆಸಿದ್ದೇನೆ, ತಿಂಡಿ ಮನೆಯಿಂದಲೇ.