ಸೈಕಲ್ ಹ್ಯಾಂಡಲ್ ಎತ್ತರ ಮಾಡಿಸಿದ್ದೀರಾ? ಸ್ಟೆಮ್ ಬಿಚ್ಚಿ ಒಳಗೆ ನೋಡಿ

ರಾಜಹಂಸಗಡದಿಂದ ಇಳಿದು ಬರುವಾಗ ಹ್ಯಾಂಡಲ್ ನನ್ನ ಕೈಯಲ್ಲೇ ತಿರುಗಿಬಿಟ್ಟಿತು. ತಿರುವಿನಲ್ಲಿ ಬ್ರೇಕ್ ಹಿಡಿದಿದ್ದೆ. ಮೈಭಾರ ಎಲ್ಲ ಅಂಗೈ ಮೇಲೆ ಬಿತ್ತು, ಹ್ಯಾಂಡಲ್ ಸರ್ರನೆ ಮುಂದಕ್ಕೆ ಹೊರಳಿತು. ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬೆಳಗಾವಿಯಲ್ಲಿ ಎಂಟಿಬಿ (ಗುಡ್ಡಗಾಡಿನ ಸೈಕಲ್) ಓಡಿಸುವ ಹುಡುಗರು ತುಂಬಾ ಜನ ಇದ್ದಾರೆ, ಅವರಲ್ಲಿ ಯಾರಿಗೂ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಸೈಕಲ್. ಜಾಂಬೋಟಿ ರಸ್ತೆಯಲ್ಲಿ ಒಂದು ಗಂಟೆ ಓಡಿಸಿದರೆ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ಹ್ಯಾಂಡಲ್ ಸೀಟಿಗಿಂತ ನಾಲ್ಕು ಬೆರಳು ಕೆಳಗಿತ್ತು. ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಜೋಡಿಸುವ ಭಾಗವೇ ಸ್ಟೆಮ್. ಅದರ ಕೆಳಗೆ ಸ್ಪೇಸರ್ (ಎತ್ತರ ಮಾಡುವ ಬಳೆ) ಹಾಕಿಸೋಣ ಅಂದುಕೊಂಡರೆ, ಮೊದಲಿನವರು ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಆ ಕೊಳವೆಯನ್ನೇ ಗಿಡ್ಡ ಕತ್ತರಿಸಿದ್ದರು. ಕತ್ತರಿಸಿದ ಮೇಲೆ ಅದು ಮತ್ತೆ ಉದ್ದ ಆಗುತ್ತಾ? ಕೊಳ್ಳುವಾಗ ಗೇರ್ ನೋಡಿದೆ, ಟೈರ್ ನೋಡಿದೆ, ಇದನ್ನು ನೋಡಲಿಲ್ಲ.

ಒಂದು ಅಂಗಡಿಯಲ್ಲಿ ಬೇರೆ ಸೈಕಲ್ಲಿನದು, ಮೇಲಕ್ಕೆ ಬಾಗಿದ ಹ್ಯಾಂಡಲ್ ಹಾಕಿಕೊಟ್ಟರು. ಅದರ ನಡುವಿನ ದಪ್ಪ 25.4 ಮಿಲಿಮೀಟರ್. ನನ್ನ ಸ್ಟೆಮ್ 31.8 ದಪ್ಪದ ಹ್ಯಾಂಡಲ್ ಹಿಡಿಯುವಂಥದ್ದು. "ಏನೂ ಆಗೂದಿಲ್ಲರೀ ಸರ, ಗಟ್ಟಿ ಕುಂತೈತಿ" ಅಂದರು. ನಾನೂ ಒಂದು ಸಲ ಅಲುಗಾಡಿಸಿ ನೋಡಿದೆ, ಗಟ್ಟಿಯಾಗೇ ಇತ್ತು.

ಬಿದ್ದ ಮೇಲೆ ಮನೆಯಲ್ಲಿ ಸ್ಟೆಮ್ಮಿನ ನಾಲ್ಕು ಬೋಲ್ಟ್ ಬಿಚ್ಚಿದೆ. ಒಳಗೆ ನೀರಿನ ಪೈಪಿನ ತುಂಡು! ಬಿಳಿ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ ಹ್ಯಾಂಡಲ್‌ಗೆ ಸುತ್ತಿದ್ದರು. ಅದು ಬಿರುಕು ಬಿಟ್ಟು, ಒಳಮೈ ಉಜ್ಜಿ ಕನ್ನಡಿ ಹಾಗೆ ನುಣ್ಣಗಾಗಿತ್ತು. ಬೋಲ್ಟ್ ಎಷ್ಟೇ ಬಿಗಿ ಮಾಡಿದರೂ ಪ್ಲಾಸ್ಟಿಕ್ ಅದುಮಿಕೊಳ್ಳುತ್ತೆ ಹೊರತು ಹಿಡಿಯಲ್ಲ. ಈ ಅಳತೆ ಸರಿದೂಗಿಸಲು ಅಲ್ಯೂಮಿನಿಯಂ ಶಿಮ್ (ಸಂದು ತುಂಬುವ ಬಳೆ) ಸಿಗುತ್ತೆ. ನಾನಂತೂ ಅದೂ ಬೇಡ, ಅಳತೆಗೆ ಸರಿಯಾದ ಹ್ಯಾಂಡಲ್ಲೇ ತಗೊಳ್ಳಿ ಅಂತೀನಿ. ಈಗ 35ರ ದಪ್ಪದ್ದೂ ಬರುತ್ತೆ. ಕೊಳ್ಳುವ ಮುಂಚೆ ಸ್ಟೆಮ್ ಮೇಲೆ ಬರೆದಿರುವುದನ್ನು ಓದಿ.

ನನಗೆ ಜಾಸ್ತಿ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ನನ್ನ ಸ್ಟೆಮ್ 80 ಮಿಲಿಮೀಟರ್ ಉದ್ದ, 6 ಡಿಗ್ರಿ ಓರೆಯದ್ದು, ಕೆಳಮುಖವಾಗಿ ಕೂತಿತ್ತು. ಅದನ್ನು ಮಗುಚಿ ಹಾಕಿದ್ದರೆ ಹ್ಯಾಂಡಲ್ ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೆ ಬರುತ್ತಿತ್ತು. ಒಂದು ಪೈಸೆ ಖರ್ಚಿಲ್ಲ. ಈಗ ಹಾಗೇ ಮಾಡಿ, 30 ಮಿಲಿಮೀಟರ್ ಮೇಲಕ್ಕೆ ಬಾಗಿದ, 31.8 ದಪ್ಪದ ಹ್ಯಾಂಡಲ್ ಹಾಕಿದ್ದೇನೆ. ಕೈ ಜೋಮು ಹಿಡಿಯೋದು ನಿಂತಿದೆ. ಇನ್ನೂ ಎತ್ತರ ಬೇಡ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಹೋಗುತ್ತೆ.

ಸ್ಟೆಮ್ಮನ್ನೇ ಸ್ವಲ್ಪ ಮೇಲೆಳೆದು ಬಿಗಿ ಮಾಡಿಕೊಡ್ತೀನಿ ಅಂದರೂ ಒಪ್ಪಬೇಡಿ. ಫೋರ್ಕಿನ ಕೊಳವೆಯ ತುದಿ ಸ್ಟೆಮ್ಮಿನ ಮೇಲಂಚಿಗಿಂತ 2–3 ಮಿಲಿಮೀಟರ್ ಮಾತ್ರ ಕೆಳಗಿರಬೇಕು, ಇಲ್ಲಾಂದ್ರೆ ಮೇಲಿನ ಬೋಲ್ಟಿಗೆ ಹಿಡಿತವೇ ಸಿಗಲ್ಲ. ಎತ್ತರ ಮಾಡಿಸಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ವೈರ್ ಬಿಗಿಯಾಗಿ ಎಳೆದುಕೊಳ್ಳುತ್ತಾ ಅಂತ ನೋಡಿ.

ನಿಮ್ಮ ಸೈಕಲ್ಲಿಗೂ ಯಾರಾದರೂ ಹೀಗೆ ಬೇರೆ ಹ್ಯಾಂಡಲ್ ಹಾಕಿಕೊಟ್ಟಿದ್ದರೆ ಇವತ್ತೇ ಬಿಚ್ಚಿ ನೋಡಿ. ಒಳಗೆ ಪೈಪು, ತಗಡು, ಟ್ಯೂಬಿನ ರಬ್ಬರ್ ಏನೇ ಕಂಡರೂ ಹತ್ತಬೇಡಿ. ಅಂಗಡಿವರೆಗೂ ತಳ್ಳಿಕೊಂಡೇ ಹೋಗಿ.